ಮಾವನಿಗೆ ಓದಲಾಗದ ಪತ್ರ

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುವ ನಾನು ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಬಂದಾಗ ಜಯನಗರದ ಸೋದರಮಾವನ ಮನೆಯಲ್ಲಿ ಉಳಿಯುತ್ತೇನೆ. ನಿವೃತ್ತ ಶಿಕ್ಷಕರಾದ ಮಾವ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ಮೇಲೆ, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ, ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ಕಲಿತು, ಕಂಪ್ಯೂಟರಿನ ಕನ್ನಡವನ್ನು ಕಿವಿಯಿಂದಲೇ ಓದಿಕೊಳ್ಳುತ್ತಾರೆ. ಈ ಸಲ ಪಿಂಚಣಿಯ ವಿಷಯವಾಗಿ ಕಚೇರಿಯೊಂದರಿಂದ ಎರಡು ಪಿಡಿಎಫ್ ಬಂದಿದ್ದವು. ಮೊದಲನೆಯದನ್ನು ತೆರೆದರೆ ಮೌನ: ಮುದ್ರಿಸಿ, ಸಹಿ ಮೊಹರು ಹಾಕಿ, ಮತ್ತೆ ಸ್ಕ್ಯಾನ್ ಮಾಡಿದ ಆ ಪುಟ ಬರಿಯ ಚಿತ್ರವಾಗಿತ್ತು. ಎರಡನೆಯದನ್ನು ತೆರೆದಾಗ ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಉಚ್ಚರಿಸತೊಡಗಿತು.

ಅದಕ್ಕೆ ಕಾರಣ, ಕನ್ನಡ ಟೈಪು ಮಾಡಲು ಬಳಸುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್. ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ; ಅದನ್ನು ಪಾಲಿಸದ ಅಂಥ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರವನ್ನು ತೊಡಿಸಿಬಿಡುತ್ತವೆ. ಹಾಗೆ ಟೈಪು ಮಾಡಿದ ‘ಕನ್ನಡ’ ಎಂಬ ಪದದೊಳಗೆ ವಾಸ್ತವವಾಗಿ ಇರುವುದು ಪಿ, ಕ್ಯೂ, ಪೌಂಡ್ ಚಿಹ್ನೆ ಮುಂತಾದವು. ಕಣ್ಣಿಗೆ ಅಚ್ಚಗನ್ನಡವಾಗಿ ಕಾಣುವ ಪತ್ರ, ಕಿವಿಯಿಂದ ಓದುವವರ ಪಾಲಿಗೆ ಕನ್ನಡವೇ ಅಲ್ಲ.

“ಬಾರಪ್ಪಾ, ನೀನೇ ಓದಿ ಹೇಳು” ಎಂದರು ಮಾವ. ಓದಿದೆ. ಬಾಕಿ ಎಷ್ಟು, ಕಡಿತ ಎಷ್ಟು ಎಂಬುದೆಲ್ಲ ನಡುಮನೆಯಲ್ಲಿ ಕುಳಿತಿದ್ದವರಿಗೆಲ್ಲ ಕೇಳಿಸಿತು. ಜೀವಮಾನವಿಡೀ ತಮ್ಮ ಲೆಕ್ಕವನ್ನು ತಾವೇ ನೋಡಿಕೊಂಡವರು ತಲೆತಗ್ಗಿಸಿ ಕುಳಿತದ್ದನ್ನು ನಾನು ಮರೆಯಲಾರೆ.

ನಾನಿರುವ ಕಡೆ ಈ ಹೊಣೆ ದಾಖಲೆ ತಯಾರಿಸುವವನದು. ತಲೆಬರಹವನ್ನು ದಪ್ಪಕ್ಷರ ಮಾಡಿದರೆ ಸಾಲದು, ಸ್ಕ್ರೀನ್ ರೀಡರಿಗೆ ತಿಳಿಯುವಂತೆ ತಲೆಬರಹವೆಂದೇ ಗುರುತಿಸಬೇಕು. ಚಿತ್ರಕ್ಕೆ ವಿವರಣೆ ಬರೆಯಬೇಕು. ವಿಡಿಯೊದಲ್ಲಿ ಯಂತ್ರ ತಾನಾಗಿ ಬರೆದ ಅಡಿಬರಹವನ್ನು ಸಾಲು ಸಾಲಾಗಿ ತಿದ್ದಬೇಕು, ಏಕೆಂದರೆ ಒಂದು ‘ಅಲ್ಲ’ ಬಿಟ್ಟುಹೋದರೂ ಕಿವಿ ಕೇಳದ ವಿದ್ಯಾರ್ಥಿ ಪಾಠವನ್ನು ತಿರುವುಮುರುವಾಗಿ ಕಲಿಯುತ್ತಾನೆ. ರಾಜ್ಯ ಮತ್ತು ಸ್ಥಳೀಯ ಸರ್ಕಾರಿ ಸಂಸ್ಥೆಗಳು ಯಾವ ಮಾನದಂಡ ಪಾಲಿಸಬೇಕೆಂಬುದನ್ನು ಅಲ್ಲಿನ 2024ರ ನಿಯಮ ಹೆಸರಿಸಿಯೇ ಹೇಳಿದೆ: ಜಾಲತಾಣದ ವಿಷಯ ಅಂಗವಿಕಲರಿಗೂ ಎಟಕುವಂತಿರಲು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ 2.1ರ ಎಎ ಮಟ್ಟ. ಆದರೂ ಅಲ್ಲಿನದೆಲ್ಲ ಮೇಲ್ಪಂಕ್ತಿಯೆಂದು ಹೇಳಲಾರೆ. ಉಚಿತ ಪಾಠಗಳು ಕಿವುಡರಿಗೆ ಎಟಕುತ್ತಿಲ್ಲವೆಂಬ ದೂರು ಬಂದ ಮೇಲೆ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2017ರಲ್ಲಿ 20,000ಕ್ಕೂ ಹೆಚ್ಚು ಧ್ವನಿಮುದ್ರಿಕೆ ಮತ್ತು ವಿಡಿಯೊಗಳನ್ನು ಸರಿಪಡಿಸುವ ಬದಲು ಸಾರ್ವಜನಿಕರಿಂದಲೇ ಮುಚ್ಚಿಟ್ಟಿತು. ಅದು ನನಗೆ ಇಂದಿಗೂ ನೋವಿನ ಸಂಗತಿ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಮು, ಮಾಹಿತಿ ಅವರಿಗೆ ಎಟಕುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕೆಂದೇ ಹೇಳುತ್ತದೆ. ಡಿಜಿಟಲ್ ಸೇವೆಗಳು ಕೈಗೆಟಕುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತಿದೆ. ಆ ಹೊಣೆ ಪತ್ರ ಟೈಪು ಮಾಡುವವರ ಮೇಜಿಗೆ ಇನ್ನೂ ತಲುಪಿಲ್ಲ, ಅಷ್ಟೆ. ಅದರ ಬದಲು ನಾವು ಬಂಧುಗಳನ್ನೂ ಸ್ವಯಂಸೇವಕರನ್ನೂ ನೆಚ್ಚಿದ್ದೇವೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವವರ ಪ್ರೀತಿಗೆ ನಾನು ಕೈಮುಗಿಯುತ್ತೇನೆ. ಆದರೆ ಕಾದಂಬರಿಯನ್ನು ಇನ್ನೊಬ್ಬರ ದನಿಯಲ್ಲಿ ಕೇಳುವುದು ಬೇರೆ, ತನ್ನ ಹೆಸರಿಗೆ ಬಂದ ಪತ್ರಕ್ಕಾಗಿ ಇನ್ನೊಬ್ಬರನ್ನು ಕಾಯುವುದು ಬೇರೆ.

ಆಗಬೇಕಾದ ಕೆಲಸವೂ ದೊಡ್ಡದಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆಯಿದೆ. ಪತ್ರವನ್ನು ಸ್ಕ್ಯಾನ್ ಮಾಡದೆ ನೇರವಾಗಿ ಪಿಡಿಎಫ್ ಮಾಡಿ, ಡಿಜಿಟಲ್ ಸಹಿ ಹಾಕಿದರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ನಾನು ಹೊರಡುವ ಹಿಂದಿನ ರಾತ್ರಿ ಮಾವ ಆ ಕಚೇರಿಗೆ ಇಷ್ಟನ್ನೇ ಬರೆದರು. ಅಕ್ಷರವೊಂದೊಂದನ್ನೂ ಕೇಳಿ ಪರೀಕ್ಷಿಸುತ್ತ, ತಾವೇ ಟೈಪು ಮಾಡಿದರು. ನನ್ನ ಕೈಗೆ ಕೊಡಲಿಲ್ಲ.