ತಪ್ಪಾಯ್ತು ಅನ್ನಬಾರದಂತೆ

ನಮ್ಮ ಕೆಲಸದಿಂದ ಬೇರೆಯವರಿಗೆ ನಷ್ಟವಾದರೆ ತುಂಬಿಕೊಡುವ ವಿಮೆ, ಲೈಬಿಲಿಟಿ ಇನ್ಶೂರೆನ್ಸ್ ಅಂತಾರೆ, ಅದನ್ನು ಮಾಡಿಸಿದೆ. ಪಾಲಿಸಿ ಅಂತ ಇಪ್ಪತ್ತೆರಡು ಪುಟದ ಕಾಗದ ಬಂದಿದೆ. ಇಂಗ್ಲಿಷು, ಅದೂ ಇರುವೆ ಸಾಲು ಹೊರಟ ಹಾಗಿನ ಅಕ್ಷರ. ಡಿಗ್ರಿ ಓದುತ್ತಿರುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ರಾತ್ರಿ ಓದಿಸಿದೆ. ಅದರಲ್ಲಿ ಒಂದು ಷರತ್ತು: ಅವಘಡ ಆದಾಗ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆ ಅಂತ ಮಾತು ಕೊಡಬಾರದು, ಕೊಡಲೂಬಾರದು.

"ಅಪ್ಪಾ, ಇದು ನಿನ್ನ ಕೈಲಿ ಆಗೋ ಕೆಲ್ಸ ಅಲ್ಲ" ಅಂದಳು.

ಅವಳು ಹಾಗೆ ಹೇಳೋಕೆ ಕಾರಣ ಇದೆ. ನಂದು ಶಿರಸಿಯಲ್ಲಿ ವೆಲ್ಡಿಂಗ್ ಶಾಪು. ಗೇಟು, ಗ್ರಿಲ್ಲು ಎಲ್ಲ ಮಾಡ್ತೇವೆ, ಆದರೆ ಅನ್ನ ಕೊಡೋದು ಮಾಡಿನ ಕೆಲಸ. ನಮ್ಮ ಕಡೆ ಆರ್‌ಸಿಸಿ ಮನೆ ಕಟ್ಟಿದವರೂ ಅದರ ಮೇಲೊಂದು ತಗಡಿನ ಮಾಡು ಹಾಕಿಸಲೇಬೇಕು, ಮಳೆ ಹಾಗಿದೆ. ಶಿವರಾತ್ರಿ ಮುಗಿದದ್ದೇ ಫೋನ್ ಶುರು, "ಮಳೆ ಹಿಡಿಯೋದ್ರೊಳಗೆ ಮುಗಿಸಿಕೊಡಿ" ಅಂತ.

ಮೂರು ವರ್ಷದ ಹಿಂದೆ ಮಾರ್ಚಿನಲ್ಲಿ ಹೀಗೇ ಒಂದು ಹಳ್ಳಿಮನೆ. ಮೇಲೆ ನಿಂತು ಪೈಪು ಕೊಯ್ಯುತ್ತಿದ್ದೆವು. ಗ್ರೈಂಡರಿನ ಕಿಡಿ ರಾತ್ರಿಯಾದರೆ ಬಾಣಬಿರುಸಿನ ಹಾಗೆ ಕಾಣ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿಗೇ ಬೀಳೋದಿಲ್ಲ. ಎಲ್ಲಿ ಹೋಗಿ ಬಿತ್ತು ಅನ್ನೋದೂ ಗೊತ್ತಾಗೋದಿಲ್ಲ. ಪಕ್ಕದ ಮನೆಯವರ ಕೊಟ್ಟಿಗೆ ಹಿಂದೆ ದರಕಿನ ರಾಶಿ ಇತ್ತು. ಬೆಟ್ಟದಿಂದ ಗುಡಿಸಿ ತಂದು ಒಂದು ವರ್ಷಕ್ಕಾಗುವಷ್ಟು ಒಟ್ಟಿದ ಒಣ ಎಲೆ. ನಾವು ಕೈ ತೊಳೆದು ಚಾ ಕುಡಿಯಲು ಕೂತಾಗ ಹೊಗೆ ಕಂಡಿತು. ಓಡಿ ಹೋಗಿ ಮೊದಲು ದನ ಬಿಚ್ಚಿದೆವು, ಆಮೇಲೆ ಬಾವಿಯ ಪಂಪು. ಕೊಟ್ಟಿಗೆಯ ಅರ್ಧ ಮಾಡು, ಹುಲ್ಲು, ಹೊಸದಾಗಿ ತಂದಿದ್ದ ಹಾಲು ಕರೆಯುವ ಮಷಿನ್ ಹೋಯಿತು.

ಆ ಮನೆ ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ಬೈಯಲಿಲ್ಲ. "ಆದದ್ದು ಆಯ್ತು ತಮಾ, ದನಕ್ಕೆ ಏನೂ ಆಗ್ಲಿಲ್ವಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಅಂಗಳದಲ್ಲಿ ನಿಂತು "ತಪ್ಪು ನಂದೇ, ಎಲ್ಲ ನಾನೇ ಮಾಡಿಸಿಕೊಡ್ತೇನೆ" ಅಂದೆ. ಮಾಡಿಸಿಕೊಟ್ಟೆ ಕೂಡ. 1,85,000 ರೂಪಾಯಿ. ಹೆಂಡತಿಯ ಬಳೆ ಸೊಸೈಟಿಗೆ ಹೋಗಿ, ಹದಿನಾಲ್ಕು ತಿಂಗಳಾದ ಮೇಲೆ ಮನೆಗೆ ಬಂತು.

ಆ ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಇದಕ್ಕೊಂದು ವಿಮೆ ಇರಬಹುದು ಅಂತ ನನಗೆ ಹೊಳೆಯಲಿಲ್ಲ. ನಮ್ಮಲ್ಲಿ ಇನ್ಶೂರೆನ್ಸ್ ಅಂದರೆ ಎಲ್‌ಐಸಿ. 1956ರಲ್ಲಿ ಹುಟ್ಟಿದ ಆ ಸಂಸ್ಥೆ ಮನೆಮನೆಗೆ ಎಷ್ಟು ಹೊಕ್ಕಿದೆ ಅಂದರೆ, ಅವರದ್ದು ಜೀವ ವಿಮೆ ಮಾತ್ರ, ಅಂಗಡಿ, ಕೆಲಸ, ಬೆಂಕಿ ಇದೆಲ್ಲ ಬೇರೆ ಕಂಪನಿಗಳ ವ್ಯವಹಾರ ಅನ್ನೋದೇ ನಮಗೆ ತಲೆಗೆ ಹೋಗಿಲ್ಲ. ಗೋಕರ್ಣದಲ್ಲಿ ಹೋಮ್‌ಸ್ಟೇ ಕಟ್ಟಿಸುತ್ತಿದ್ದ ಬೆಂಗಳೂರಿನವರೊಬ್ಬರು "ಲೈಬಿಲಿಟಿ ಇನ್ಶೂರೆನ್ಸ್ ಕಾಪಿ ಕಳಿಸಿ, ಆಮೇಲೆ ಅಡ್ವಾನ್ಸ್" ಅಂದಾಗ, ನಾನು ನನ್ನ ಜೀವ ವಿಮೆ ಬಾಂಡಿನ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ದೆ. ನಗಬೇಡಿ. ಅವರೂ ನಕ್ಕಿದ್ದರು.

ಆದರೆ ನಾವು ಇದನ್ನು ಅರಿಯದವರೂ ಅಲ್ಲ. ಬೈಕಿಗೆ ಥರ್ಡ್ ಪಾರ್ಟಿ ತುಂಬೋದಿಲ್ಲವೇ? ನಮ್ಮ ಬೈಕಿನಿಂದ ಬೇರೆಯವರಿಗೆ ಪೆಟ್ಟಾದರೆ ಅಂತ 1988ರ ಮೋಟಾರು ವಾಹನ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಪೊಲೀಸರು ಹಿಡಿಯುತ್ತಾರೆ ಅಂತ ಮರೆಯದೆ ತುಂಬ್ತೇವೆ. ಅದೇ ಬೈಕಿನ ಹಿಂದೆ ಗ್ರೈಂಡರ್ ಕಟ್ಟಿಕೊಂಡು ಹೋಗಿ ಊರವರ ತಲೆಯ ಮೇಲೆ ಕಬ್ಬಿಣ ಕೊಯ್ಯಲು ಯಾವ ಕಾಗದವೂ ಬೇಡ. 1984ರ ಭೋಪಾಲ್ ಅನಿಲ ದುರಂತದ ನಂತರ, 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಬಂತು. ಅದರ ಕಡ್ಡಾಯ ಇರೋದು ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗೆ. ನಮ್ಮಂಥವರು ನಾವಾಗಿಯೇ ಹೋಗಿ ಕೇಳಬೇಕು. ಕೇಳಿದರೂ ಏಜೆಂಟರು ಮೊದಲು ತೋರಿಸೋದು ಆರೋಗ್ಯ ವಿಮೆ.

ಹೋಗುವವರು ಒಂದು ವಿಷಯ ಗಟ್ಟಿಯಾಗಿ ಕೇಳಿಕೊಳ್ಳಿ, ಇದು ನಾನು ಮೂರು ಸಲ ಓಡಾಡಿ ತಿಳಿದದ್ದು. ‘ಹೊರಗಿನವರಿಗೆ ಆದ ನಷ್ಟ’ ಅಂದಾಗ ಹೊರಗಿನವರು ಯಾರು? ಪಕ್ಕದ ಮನೆಯ ಕೊಟ್ಟಿಗೆ ಹೊರಗಿನದು. ನಾನು ಯಾವ ಮನೆಯ ಮೇಲೆ ಹತ್ತಿ ಕೆಲಸ ಮಾಡ್ತಾ ಇದ್ದೇನೋ ಆ ಮನೆ? ಅಲ್ಲೇ ಇರೋದು ತಕರಾರು. ನನ್ನ ಸುಪರ್ದಿಯಲ್ಲಿರುವ ಸ್ವತ್ತಿಗೆ ಸಾಮಾನ್ಯವಾಗಿ ಈ ಪಾಲಿಸಿ ಬರೋದಿಲ್ಲ. ಗುತ್ತಿಗೆದಾರರಿಗಂತಲೇ ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಅಂತ ಇನ್ನೊಂದಿದೆ. ಒಂದು ಭಾಗ ಕೆಲಸಕ್ಕೆ, ಇನ್ನೊಂದು ಭಾಗ ಹೊರಗಿನವರಿಗೆ. ಅದರಲ್ಲೂ ಮಾಲೀಕರ ಹಳೇ ಕಟ್ಟಡ ಸೇರಬೇಕಾದರೆ ಬೇರೆಯಾಗಿ ಹೇಳಿ, ದುಡ್ಡು ಕಟ್ಟಿ ಬರೆಸಬೇಕು. ನಮ್ಮದು ತೊಂಬತ್ತು ಪಾಲು ಹಳೇ ಮನೆ ಮೇಲಿನ ಕೆಲಸ. ಇದನ್ನು ಕೇಳದೆ ಪಾಲಿಸಿ ತಗೊಂಡರೆ ಕೊಡೆ ಮನೆಯಲ್ಲಿಟ್ಟು ಪೇಟೆಗೆ ಹೋದಂತೆ. ಇನ್ನು ಸ್ಕ್ರೂ ಸಡಿಲ ಹಾಕಿ ನೀರು ಸೋರಿದರೆ ಅದನ್ನು ಮತ್ತೆ ಮಾಡಿಕೊಡೋ ಖರ್ಚು ನಿಮ್ಮದೇ. ಕೆಟ್ಟ ಕೆಲಸಕ್ಕೆ ವಿಮೆ ಇಲ್ಲ, ಇರಲೂಬಾರದು.

ಮಿತಿಯೂ ಎರಡು ಥರ. ಒಂದು ಅವಘಡಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. ಮೊದಲ ಸ್ವಲ್ಪ ಮೊತ್ತ ನಮ್ಮ ಕೈಯಿಂದಲೇ, ಅದನ್ನು ಎಕ್ಸೆಸ್ ಅಂತಾರೆ. ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಬೇರೆ.

ನಮ್ಮ ಹುಡುಗರು ಬಿದ್ದರೆ? ಅದೂ ಇದರಲ್ಲಿ ಇಲ್ಲ. ಹಳೇ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟು ಸೀದಾ ಕೆಳಗೆ ಬಂದವರ ಕಥೆ ಈ ಕಸುಬಿನಲ್ಲಿ ಎಲ್ಲರ ಹತ್ತಿರವೂ ಒಂದೊಂದಿದೆ. ಕೆಲಸಗಾರರಿಗೆ ನೌಕರರ ಪರಿಹಾರದ ಪಾಲಿಸಿಯೇ ಬೇರೆ. 1923ರ ಕಾಯ್ದೆಯಿಂದ ಬಂದ ಲೆಕ್ಕ ಅದು. 35 ವರ್ಷದವನೊಬ್ಬ ಕೆಲಸದಲ್ಲಿ ತೀರಿಕೊಂಡ, ಅವನ ತಿಂಗಳ ಸಂಬಳ 15,000 ಅಂತಿಟ್ಟುಕೊಳ್ಳಿ. ಅದರ ಅರ್ಧ 7,500. ಆ ವಯಸ್ಸಿಗೆ ಕೋಷ್ಟಕದಲ್ಲಿರುವ ಅಂಕಿ 197.06. ಗುಣಿಸಿದರೆ 14,77,950 ರೂಪಾಯಿ. ಕೊಡಬೇಕಾದವ ಮಾಲೀಕ, ಅಂದರೆ ನಾನು. ನನ್ನ ಶಾಪಿನ ಮಷಿನ್ನು, ಹಳೇ ಪಿಕಪ್ ಎಲ್ಲ ಮಾರಿದರೂ ಅದರ ಅರ್ಧ ಆಗೋದಿಲ್ಲ. ಹಾಗಾಗಿ ಎರಡರಲ್ಲಿ ಒಂದನ್ನೇ ಮಾಡಿಸೋ ಶಕ್ತಿ ಇದೆ ಅನ್ನುವವರು ಮೊದಲು ಹುಡುಗರದ್ದು ಮಾಡಿಸಿ. ಈ ಮಾತಿನಲ್ಲಿ ನನಗೆ ಅನುಮಾನ ಇಲ್ಲ.

ಈಗ ಆ ಷರತ್ತಿಗೆ ಬರ್ತೇನೆ. ಓದಿದ ರಾತ್ರಿ ನನಗೆ ಸಿಟ್ಟೇ ಬಂದಿತ್ತು. ಒಬ್ಬರ ಕೊಟ್ಟಿಗೆ ಸುಟ್ಟು, ಅವರ ಎದುರೇ ನಿಂತು, ವಕೀಲರ ಹಾಗೆ ಬಾಯಿ ಮುಚ್ಚಿಕೊಂಡಿರಬೇಕೆ? ನಾಳೆ ಅದೇ ಊರಲ್ಲಿ ಅವರ ಮನೆ ಮದುವೆಗೆ ಯಾವ ಮುಖ ಹೊತ್ತು ಹೋಗೋದು? ನಮ್ಮಲ್ಲಿ ಇಂಥದ್ದನ್ನೆಲ್ಲ ನಾಲ್ಕು ಜನ ಕೂತು ಮಾತಾಡಿ ಮುಗಿಸ್ತೇವೆ. ಅದರಲ್ಲಿ ಒಂದು ಮರ್ಯಾದೆ ಇದೆ, ನಾನೇನೂ ಅದನ್ನು ಹಳೇ ಕಾಲದ್ದು ಅಂತ ತಳ್ಳಿಹಾಕುವವನಲ್ಲ.

ಆಮೇಲೆ ತಣ್ಣಗೆ ಕೂತು ಯೋಚಿಸಿದೆ. ಮಾತಾಡಿ ಮುಗಿಸಿದ್ದು ಅಂತ ನಾವು ಹೇಳೋದರಲ್ಲಿ ಮುಗಿದದ್ದು ಯಾರ ಕಡೆಯದ್ದು? ಅವರ ಕೊಟ್ಟಿಗೆ ಎರಡು ತಿಂಗಳಲ್ಲಿ ಎದ್ದಿತು. ನನ್ನ ಮನೆಯಲ್ಲಿ ಬೋಳು ಕೈ ವರ್ಷ ದಾಟಿತು. ನಾನಾದರೂ ಕೊಟ್ಟೆ. ಕೊಡಲಾಗದ ಪಾಪದವ ಆಗಿದ್ದರೆ ಊರು ಬಿಟ್ಟು ಹೋಗುತ್ತಿದ್ದ, ಆ ಯಜಮಾನರಿಗೆ ಏನೂ ಸಿಗುತ್ತಿರಲಿಲ್ಲ. ಕಂಪನಿಯ ಕಡೆಯಿಂದ ನೋಡಿದರೂ ಒಂದು ನ್ಯಾಯ ಇದೆ. ಅವರು ಕೊಡೋದು ಕಾನೂನಿನ ಪ್ರಕಾರ ನನ್ನ ಹೊಣೆ ಎಷ್ಟೋ ಅಷ್ಟು. ನಾನು ಸಂಕೋಚಕ್ಕೆ ಬಿದ್ದು ಮೂರು ಲಕ್ಷ ಅಂದುಬಿಟ್ಟರೆ ಅದನ್ನು ಅವರು ಯಾಕೆ ತುಂಬಬೇಕು?

ಹಾಗಾಗಿ ನಾನು ಕಂಡುಕೊಂಡ ದಾರಿ ಹೇಳ್ತೇನೆ, ಸರಿಯೋ ತಪ್ಪೋ ತಿಳಿದವರು ತಿದ್ದಿ. ಓಡಿ ಹೋಗಿ ನೀರು ಹೊಯ್ಯಲು, ದನ ಬಿಚ್ಚಲು, ಪೆಟ್ಟಾದವರನ್ನು ಆಸ್ಪತ್ರೆಗೆ ಸಾಗಿಸಲು ಯಾವ ಪಾಲಿಸಿಯೂ ಬೇಡ ಅನ್ನೋದಿಲ್ಲ. "ಬಹಳ ಬೇಜಾರಾಯ್ತು" ಅನ್ನಲೂ ಅಡ್ಡಿಯಿಲ್ಲ. "ತಪ್ಪು ನಂದೇ" ಅನ್ನೋದು, ಮೊತ್ತ, ಇವೆರಡು ಮಾತ್ರ ಬಾಯಿಂದ ಬರಬಾರದು. "ನಂದು ವಿಮೆ ಇದೆ, ನಷ್ಟ ಎಷ್ಟಾಯ್ತು ಬರೆದುಕೊಡಿ, ಇವತ್ತೇ ಕಳಿಸ್ತೇನೆ" ಅನ್ನಬೇಕು. ಸುಟ್ಟದ್ದನ್ನು ಗುಡಿಸುವ ಮೊದಲು ಫೋಟೋ ತೆಗೀಬೇಕು. ಇದು ನಮ್ಮವರಿಗೆ ಹೇಳಲೇಬೇಕಾದ್ದು, ಯಾಕೆಂದರೆ ನಷ್ಟ ಎಷ್ಟು ಅಂತ ನೋಡಲು ವಿಮೆ ಕಡೆಯ ಸರ್ವೇಯರ್ ಬರುವಷ್ಟರಲ್ಲಿ ಅಂಗಳ ಗುಡಿಸಿ, ಸಗಣಿ ಸಾರಿಸಿ ಇಟ್ಟಿರ್ತಾರೆ.

ಇನ್ನು ಮನೆ ಕಟ್ಟಿಸುವವರಿಗೂ ಒಂದು ಮಾತು. ಚದರಡಿಗೆ ಐದು ರೂಪಾಯಿ ಕಡಿಮೆ ಅಂತ ಇನ್ನೊಬ್ಬನ ಹತ್ತಿರ ಹೋಗ್ತೀರಿ, ಹೋಗಿ. ಹೋದಲ್ಲಿ ಪಾಲಿಸಿ ಇದೆಯೋ ಅಂತಲೂ ಕೇಳಿ. ಆ ಐದು ರೂಪಾಯಿ ಎಲ್ಲಿಂದ ಉಳಿಯಿತು ಅಂತ ಗೊತ್ತಾಗ್ತದೆ.

ಮೊನ್ನೆ ಅದೇ ಎಪ್ಪತ್ತರ ಯಜಮಾನರು ಫೋನ್ ಮಾಡಿದ್ದರು. ಅಡಿಕೆ ಒಣಗಿಸುವ ಅಂಗಳಕ್ಕೆ ಮಾಡು ಆಗಬೇಕಂತೆ, ನಾನೇ ಮಾಡಬೇಕಂತೆ. ಖುಷಿಯಿಂದ ಹೋಗಿ ಅಳತೆ ತೆಗೆದು, ಕೊಟೇಶನ್‌ನಲ್ಲಿ ಶೀಟು, ಪೈಪು, ಕೂಲಿ, ಕೊನೆಗೆ ‘ವಿಮೆ’ ಅಂತ ಒಂದು ಸಾಲು ಬರೆದುಕೊಟ್ಟೆ. ಯಾಕೆ ಬೇಕು ಅಂತ ಅರ್ಧ ತಾಸು ಕೂತು ವಿವರಿಸಿದೆ. ಕವಳ ಹಾಕುತ್ತಾ ಪೂರ್ತಿ ಕೇಳಿದರು. ಕನ್ನಡಕ ಸರಿಮಾಡಿಕೊಂಡು ಕಾಗದವನ್ನು ಇನ್ನೊಮ್ಮೆ ನೋಡಿ ಕೇಳಿದರು:

"ಈ ಕೊನೇ ಸಾಲು ತೆಗೆದ್ರೆ ಎಷ್ಟಕ್ಕೆ ಬೀಳ್ತದೆ ತಮಾ?"