ಸಮಯ ಸೋರುವುದು ಪ್ಯಾಸೇಜ್‌ನಲ್ಲಲ್ಲ, ಆಪ್ಷನ್‌ಗಳಲ್ಲಿ

ಕೊಡಗಿನ ವಿರಾಜಪೇಟೆ, ಗೋಣಿಕೊಪ್ಪದ ಕಡೆಯಿಂದ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ಗೆ, ಬ್ಯಾಂಕ್ ಪರೀಕ್ಷೆಗೆ ಓದುವ ಮಕ್ಕಳು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಮಾತು: "ಕಾಂಪ್ರೆಹೆನ್ಶನ್‌ನಲ್ಲಿ ಸ್ಪೀಡ್ ಜಾಸ್ತಿ ಮಾಡೋದು ಹೇಗೆ?" ಕಾಂಪ್ರೆಹೆನ್ಶನ್ ಅಂದರೆ ಕೊಟ್ಟ ಪ್ಯಾಸೇಜ್ ಓದಿ ಅದರ ಮೇಲಿನ ಪ್ರಶ್ನೆಗಳಿಗೆ ಉತ್ತರಿಸುವುದು. ಸ್ಪೀಡ್ ರೀಡಿಂಗ್ ವಿಡಿಯೊ ನೋಡಿ, ಬೆರಳು ಓಡಿಸಿ, ಸಾಲು ಬಿಟ್ಟು ಓದುವ ಅಭ್ಯಾಸವನ್ನೂ ಮಾಡಿಕೊಂಡಿರುತ್ತಾರೆ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ. ಚೆನ್ನಾಗಿ ಓದಬಲ್ಲ ಮಕ್ಕಳನ್ನು ನಾವೇ ಕೆಟ್ಟ ಓದುಗರನ್ನಾಗಿ ಮಾಡುತ್ತಿದ್ದೇವೆ.

ಲೆಕ್ಕ ಹಾಕಿ ನೋಡಿ. ಕ್ಲ್ಯಾಟ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ. ಇಂಗ್ಲಿಷ್ ಪ್ಯಾಸೇಜ್ ಒಂದರಲ್ಲಿ ಸುಮಾರು 450 ಪದ. ಇಂಗ್ಲಿಷ್ ಚೆನ್ನಾಗಿ ಬಲ್ಲ ದೊಡ್ಡವರು ಮನಸ್ಸಿನಲ್ಲೇ ಓದಿಕೊಂಡರೆ ನಿಮಿಷಕ್ಕೆ ಸುಮಾರು 240 ಪದ ಓದುತ್ತಾರೆ. ಅಂದರೆ ಒಂದು ಪ್ಯಾಸೇಜ್‌ಗೆ ಎರಡು ನಿಮಿಷ. ನಮ್ಮ ಮಕ್ಕಳಿಗೆ ಮೂರು ಬೇಕಾಗಬಹುದು. ಓದುವ ವೇಗ ದುಪ್ಪಟ್ಟಾದರೂ ಉಳಿಯುವುದು ಒಂದು, ಒಂದೂವರೆ ನಿಮಿಷ. ಆದರೆ ಎರಡು ಆಪ್ಷನ್‌ಗಳ ನಡುವೆ ಸಿಕ್ಕಿಬಿದ್ದು, ಮತ್ತೆ ಮೇಲಿಂದ ಓದಿ, ಬರೆದದ್ದನ್ನು ಬದಲಾಯಿಸುವುದರಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಕೊನೆಗೆ ಉತ್ತರ ತಪ್ಪಾದರೆ ಕಾಲು ಅಂಕವೂ ಕಟ್. ಓದುವಾಗಿನ ಕಣ್ಣಿನ ಚಲನೆಯನ್ನು ಅಧ್ಯಯನ ಮಾಡಿದ ಕೀತ್ ರೇನರ್ ಮತ್ತು ಸಂಗಡಿಗರ 2016ರ ಲೇಖನವೂ ಸ್ಪೀಡ್ ರೀಡಿಂಗ್ ಬಗ್ಗೆ ಎಚ್ಚರಿಸುತ್ತದೆ: ವೇಗವನ್ನು ತುಂಬಾ ಏರಿಸಿದರೆ ಅರ್ಥ ಕೈಬಿಡುತ್ತದೆ.

ನಮ್ಮ ಜಿಲ್ಲೆಯ ಮಕ್ಕಳು ಎಲ್ಲಿ ಎಡವುತ್ತಾರೆ ಗೊತ್ತಾ? ಕಾಫಿ ತೋಟದ ಒಂದು ಉದಾಹರಣೆ ಕೊಡುತ್ತೇನೆ. ಅರೇಬಿಕಾ, ರೋಬಸ್ಟಾ ಎರಡೂ ಕಾಫಿಯ ಬಗೆಗಳು; ಬಿಳಿ ಕಾಂಡಕೊರಕ ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳ. ಪ್ಯಾಸೇಜ್‌ನಲ್ಲಿ ಹೀಗಿದೆ ಅಂದುಕೊಳ್ಳಿ: "ಅರೇಬಿಕಾ ತೋಟದಲ್ಲಿ ನೆರಳು ಅತಿಯಾದರೆ ಇಳುವರಿ ತಗ್ಗಬಹುದು. ನೆರಳಿನ ಮರ ಪೂರ್ತಿ ಕಡಿದು ಬಿಸಿಲು ಬಿಟ್ಟರೆ ಬಿಳಿ ಕಾಂಡಕೊರಕದ ಕಾಟ ಹೆಚ್ಚುತ್ತದೆ." ಲೇಖಕರ ಅಭಿಪ್ರಾಯ ಏನು ಅನ್ನುವುದು ಪ್ರಶ್ನೆ. ಒಂದು ಆಪ್ಷನ್, "ನೆರಳಿದ್ದರೆ ಕಾಂಡಕೊರಕ ಬರುವುದೇ ಇಲ್ಲ." ಇನ್ನೊಂದು, "ರೋಬಸ್ಟಾಗಿಂತ ಅರೇಬಿಕಾಗೆ ಕಾಂಡಕೊರಕದ ಭಯ ಹೆಚ್ಚು." ಮತ್ತೊಂದು, "ನೆರಳನ್ನು ಹದದಲ್ಲಿ ಇಟ್ಟುಕೊಳ್ಳಬೇಕು."

ತೋಟದ ಮನೆಯ ಮಗು ಸೀದಾ ಎರಡನೆಯದಕ್ಕೆ ಹೋಗುತ್ತದೆ. ಯಾಕೆಂದರೆ ಅದು ನಿಜ. ಅಪ್ಪ ಮನೆಯಲ್ಲಿ ದಿನಾ ಹೇಳುವ ಮಾತು. ಆದರೆ ಪ್ಯಾಸೇಜ್‌ನಲ್ಲಿ ರೋಬಸ್ಟಾ ಸುದ್ದಿಯೇ ಇಲ್ಲ! ಮೊದಲನೆಯದರಲ್ಲಿ "ಬರುವುದೇ ಇಲ್ಲ" ಅನ್ನುವ ಅತಿ ಮಾತಿದೆ, ಪ್ಯಾಸೇಜ್ ಅಷ್ಟು ದೂರ ಹೋಗಿಲ್ಲ. ಉಳಿಯುವುದು ಮೂರನೆಯದು. ಅದು ಯಾವ ಸಾಲಿನಲ್ಲೂ ಹಾಗೇ ಬರೆದಿಲ್ಲ, ಎರಡು ಸಾಲುಗಳನ್ನು ಸೇರಿಸಿದರೆ ಮಾತ್ರ ಸಿಗುತ್ತದೆ. ವಿಷಯ ಗೊತ್ತಿರುವವರೇ ಇಲ್ಲಿ ಜಾಸ್ತಿ ತಪ್ಪುವುದು. ಅದಕ್ಕೇ ನಾನು ಮಕ್ಕಳಿಗೆ ಪದೇ ಪದೇ ಹೇಳುವುದು, ಪರಿಚಿತ ವಿಷಯ ಬಂದಾಗ ಎರಡು ಪಟ್ಟು ಎಚ್ಚರವಾಗಿರಿ ಅಂತ.

ಅಭ್ಯಾಸ ಮಾಡುವಾಗ ಆಪ್ಷನ್‌ಗಳನ್ನು ಕೈಯಿಂದ ಮುಚ್ಚಿ. ಪ್ರಶ್ನೆ ಓದಿ, ಉತ್ತರವನ್ನು ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ. ಕನ್ನಡವೋ, ಕೊಡವ ತಕ್ಕೋ, ಅರೆಭಾಷೆಯೋ, ಯಾವುದಾದರೂ ಸರಿ. ಹೇಳಲು ಬಂದರೆ ಅರ್ಥವಾಗಿದೆ, ಬರದಿದ್ದರೆ ಇಲ್ಲ. ಆಮೇಲೆ ಕೈ ತೆಗೆದು ನೋಡಿ, ಆರಿಸಿದ ಉತ್ತರಕ್ಕೆ ಆಧಾರವಾದ ಸಾಲಿನ ಮೇಲೋ ಸಾಲುಗಳ ಮೇಲೋ ಬೆರಳಿಡಿ. ಬೆರಳಿಡಲು ಜಾಗ ಸಿಗದಿದ್ದರೆ ಆ ಉತ್ತರ ಬಿಡಿ. ಮೊದಲ ಕೆಲವು ವಾರ ಗಡಿಯಾರ ಬೇಡವೇ ಬೇಡ. ಸರಿ ಉತ್ತರ ತಪ್ಪದೆ ಬರತೊಡಗಿದ ಮೇಲೆ ಸಮಯ ಇಟ್ಟುಕೊಳ್ಳಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಮಾಕ್ ಟೆಸ್ಟ್ ಮುಗಿದ ಮೇಲೆ ಅಂಕ ನೋಡಿ ಪುಸ್ತಕ ಮುಚ್ಚಿಬಿಡುತ್ತಾರಲ್ಲ, ಅದು ದೊಡ್ಡ ನಷ್ಟ. ತಪ್ಪಿದ ಪ್ರಶ್ನೆಯ ಪಕ್ಕದಲ್ಲಿ ಕಾರಣ ಬರೆಯಿರಿ: ಅತಿ ಮಾತಿಗೆ ಬಿದ್ದೆನಾ, ಹೊರಗಿನ ವಿಷಯ ತಂದೆನಾ, ಪ್ರಶ್ನೆಯಲ್ಲಿದ್ದ "ಅಲ್ಲ" ಅನ್ನುವುದನ್ನು ಬಿಟ್ಟೆನಾ? ಕೆಲವೇ ದಿನದಲ್ಲಿ ನಿಮ್ಮ ತಪ್ಪಿನ ಚಾಳಿ ಕಣ್ಣಿಗೆ ಕಾಣುತ್ತದೆ.

ತಂದೆ ತಾಯಿಗಳಿಗೂ ಒಂದು ಮಾತು. ಮೈಸೂರಿಗೋ ಬೆಂಗಳೂರಿಗೋ ಕೋಚಿಂಗ್‌ಗೆ ಕಳಿಸಲು ಆಗಲಿಲ್ಲ ಅಂತ ಕೊರಗಬೇಡಿ. ಮನೆಗೆ ಒಂದು ಇಂಗ್ಲಿಷ್ ಪತ್ರಿಕೆ ಬರಲಿ. ಇಷ್ಟವಿಲ್ಲದ ವಿಷಯದ ಲೇಖನವನ್ನೂ ಮಗು ಪೂರ್ತಿ ಓದಲಿ. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋದಾಗ ಪ್ರಿಂಟ್ ತೆಗೆದಿಟ್ಟ ಹಳೆಯ ಪ್ರಶ್ನೆಪತ್ರಿಕೆ ಕೈಯಲ್ಲಿದ್ದರೆ ಸಾಕು. ಮಗು ಓದಿದ್ದು ಏನು ಅಂತ ರಾತ್ರಿ ಊಟದ ಹೊತ್ತಿಗೆ ಕೇಳಿ. ನಿಮಗೆ ಇಂಗ್ಲಿಷ್ ಬರಬೇಕಂತಲೇ ಇಲ್ಲ.