ದನ ನೆರಳಲ್ಲೇ ಇದೆಯಲ್ಲ ಅನ್ನುವವರಿಗೆ

ಇವತ್ತು ಮಧ್ಯಾಹ್ನ ರಿಪ್ಪನ್‌ಪೇಟೆ ಹತ್ತಿರದ ನೆಂಟರ ಮನೆಗೆ ಹೋಗಿದ್ದೆ. ಊಟಕ್ಕೆ ಮೊದಲೇ ಭಾವ ಹೊಸ ಕೊಟ್ಟಿಗೆ ತೋರಿಸಲು ಕರೆದರು. ಸಿಮೆಂಟ್ ನೆಲ, ರಬ್ಬರ್ ಮ್ಯಾಟ್, ಸಾಲಾಗಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು. ಮೇಲೆ ಜಿಂಕ್ ಶೀಟು, ಕೈಗೆ ಸಿಗುವಷ್ಟು ತಗ್ಗು. ಮುಟ್ಟಿ ನೋಡಿದೆ. ಮೂರು ಎಣಿಸುವಷ್ಟು ಹೊತ್ತೂ ಕೈ ಇಡಲು ಆಗಲಿಲ್ಲ.

ಮೂಲೆಯ ಹಸು ಕಣ್ಣಿ ಬಿಗಿಯುವ ಹಾಗೆ ಬಾಗಿಲ ಕಡೆ ಜಗ್ಗಿಕೊಂಡು ನಿಂತಿತ್ತು. ಬಾಯಿ ತೆರೆದಿತ್ತು. ಜೊಲ್ಲು ದಾರದ ಹಾಗೆ ಗೋದಲಿಗೆ ಇಳಿಯುತ್ತಿತ್ತು. ಪಕ್ಕೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿದೆ. 88 ಬಂತು. 60 ದಾಟಿದರೇ ದನಕ್ಕೆ ಸೆಕೆ ತಡೆಯಲು ಆಗುತ್ತಿಲ್ಲ ಅಂತ ಅರ್ಥ. ಭಾವನಿಗೆ ಹೇಳಿದೆ. "ಬಿಸಿಲಿಗೆ ಕಟ್ಟಿಲ್ಲವಲ್ಲ, ನೆರಳಲ್ಲೇ ಇದೆಯಲ್ಲ" ಅಂದರು.

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೊಸನಗರ, ತೀರ್ಥಹಳ್ಳಿ, ಸಾಗರ, ಎಲ್ಲಿ ಹೋದರೂ ಇದೇ ಮಾತು. ಕಾದ ಶೀಟಿನ ಕೆಳಗಿನದು ಎಂಥ ನೆರಳು? ಮೇಯಲು ಬಿಟ್ಟ ದನ ಬಿಸಿಲೇರಿದ ಕೂಡಲೇ ತಾನಾಗಿ ಹಲಸಿನ ಮರದ ಬುಡಕ್ಕೆ ಹೋಗುತ್ತದೆ, ಹಳ್ಳಕ್ಕೆ ಇಳಿಯುತ್ತದೆ. ಕಟ್ಟಿದ ದನ ಕಣ್ಣಿಯ ಉದ್ದದಷ್ಟೇ ಹೋಗಬಹುದು. ಅಲ್ಲಿ ಉರಿಯೋ ತಂಪೋ, ಅದು ನಾವು ಕಟ್ಟಿಸಿದ ಮಾಡು, ಅಂದರೆ ಛಾವಣಿ, ಹೇಗಿದೆ ಅನ್ನುವುದರ ಮೇಲೆ.

ಹೊರಗಿನ ಸೆಕೆ ಮಾತ್ರ ಅಲ್ಲ. ದನದ ಹೊಟ್ಟೆಯೇ ಒಂದು ಒಲೆ. ತಿಂದ ಮೇವು ಒಳಗೆ ಹುಳಿಯುವಾಗ ಕಾವು ಏಳುತ್ತದೆ. ಹಾಲು ಜಾಸ್ತಿ ಕೊಡುವ ಹಸು ತಿನ್ನುವುದೂ ಜಾಸ್ತಿ, ಅದರ ಕಾವೂ ಜಾಸ್ತಿ. ಎಚ್‌ಎಫ್ ತಂಪು ದೇಶದ ತಳಿ, 25 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಶಿವಮೊಗ್ಗದಲ್ಲಿ ಮಾರ್ಚ್ ತಿಂಗಳಲ್ಲೇ 36 ಆಗುತ್ತದೆ. ನಮ್ಮ ಗಾಳಿಯಲ್ಲಿ ತೇವ ಬೇರೆ. ಒಂದು ಮಳೆ ಬಿದ್ದು ಬಿಟ್ಟರಂತೂ ಬೆವರು ಆರುವುದೇ ಇಲ್ಲ. ಮೊದಲು ಬೇಸಿಗೆಯಲ್ಲೂ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುತ್ತಿದ್ದೆವು, ಅಲ್ವಾ? ಹಗಲಿಡೀ ತುಂಬಿಕೊಂಡ ಕಾವನ್ನು ದನ ಆ ತಂಪಿನಲ್ಲಿ ಕಳೆದುಕೊಳ್ಳುತ್ತಿತ್ತು. ಈಗ ರಾತ್ರಿಯೂ ನಮಗೆ ಫ್ಯಾನ್ ಬೇಕು. ಅದಕ್ಕೆ?

ಸೆಕೆ ತಾಳದೆ ಹಸು ಮೇವು ಬಿಡುತ್ತದೆ. ಹಾಲು ಇಳಿಯುತ್ತದೆ, ಫ್ಯಾಟ್ ಇಳಿಯುತ್ತದೆ. ಬೆದೆಗೆ ಬಂದದ್ದು ಗೊತ್ತಾಗುವುದಿಲ್ಲ, ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೂ ಗಬ್ಬ ನಿಲ್ಲುವುದಿಲ್ಲ. ಆಗ ಹಿಂಡಿ ಬದಲಾಯಿಸುತ್ತೇವೆ, ಟಾನಿಕ್ ತರುತ್ತೇವೆ. ಕೊನೆಗೆ "ಈ ಹಸುವೇ ಸರಿಯಿಲ್ಲ" ಅಂತ ಮಾರುತ್ತೇವೆ. ತಲೆ ಎತ್ತಿ ಮಾಡು ನೋಡುವವರು ಒಬ್ಬರೂ ಇಲ್ಲ.

ನಾನೂ ನೋಡಿರಲಿಲ್ಲ. ಐದು ವರ್ಷದ ಹಿಂದೆ ನಮ್ಮ ಕೊಟ್ಟಿಗೆಯ ಹೆಂಚು ತೆಗೆಸಿ ಶೀಟು ಹಾಕಿಸಿದವನು ನಾನೇ. ಮಂಗಗಳ ಕಾಟ, ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಲು ಜನ ಸಿಗುತ್ತಿರಲಿಲ್ಲ. ಅಪ್ಪಯ್ಯ "ದನಕ್ಕೆ ಬಿಸಿಯಾಗ್ತದೆ ಕಣೋ" ಅಂದಿದ್ದರು. ಕೇಳಲಿಲ್ಲ. ಆ ಏಪ್ರಿಲ್‌ನಲ್ಲಿ ಗೌರಿ ತುಂಬು ಗಬ್ಬ, ಹಾಲು ಬತ್ತಿಸಿದ್ದೆವು. ಕರು ತೀರಾ ಸಣ್ಣದು ಹುಟ್ಟಿತು. ಹಿಂದಿನ ಸೂಲಿನಲ್ಲಿ ಹೊತ್ತಿಗೆ ಏಳು ಲೀಟರ್ ಕೊಟ್ಟವಳು ಆ ಸೂಲಿನಲ್ಲಿ ಐದು ದಾಟಲಿಲ್ಲ. ಹಿಂಡಿ ಅಂಗಡಿಯವರ ಹತ್ತಿರ ಜಗಳ ಮಾಡಿ ಬಂದೆ. ಬತ್ತಿದ ಎರಡು ತಿಂಗಳು ಸೆಕೆ ತಿಂದರೆ ಮುಂದಿನ ಇಡೀ ಸೂಲು ಹಾಲು ಕಮ್ಮಿಯಾಗುತ್ತದೆ, ಕರುವೂ ಬಡವಾಗುತ್ತದೆ ಅಂತ ಆಮೇಲೆ ಪಶುವೈದ್ಯರೊಬ್ಬರು ಬಿಡಿಸಿ ಹೇಳಿದರು. ಗೌರಿಯ ಮುಖ ನೋಡಲು ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ.

"ಹಾಗಾದರೆ ಮಲೆನಾಡು ಗಿಡ್ಡ ಸಾಕಿ, ಸೆಕೆ ತಡೆಯುತ್ತದೆ" ಅಂತ ಕೆಲವರು ಹೇಳುತ್ತೀರಿ. ತಡೆಯುತ್ತದೆ, ಒಪ್ಪಿದೆ. ಆದರೆ ಗಿಡ್ಡ ಗುಡ್ಡ ಸುತ್ತಿ ಮೇಯುವ ದನ. ದನ ಮೇಯುವ ಬ್ಯಾಣವೆಲ್ಲ ಅಡಿಕೆ ತೋಟ ಆದ ಮೇಲೆ ಅದನ್ನು ಎಲ್ಲಿಗೆ ಬಿಡುತ್ತೀರಿ? ಡೈರಿ ಹಾಲಿನಲ್ಲೇ ಮಕ್ಕಳ ಫೀಸು ಕಟ್ಟುವವರಿಗೆ ಅದರ ಒಂದೆರಡು ಲೀಟರ್ ಸಾಲುತ್ತದಾ? ಅದನ್ನೂ ತಂದು ಇದೇ ಶೀಟಿನ ಕೆಳಗೆ ಕಟ್ಟಿದರೆ ಅದೂ ಏದುಸಿರು ಬಿಡುತ್ತದೆ. ಮಾಡಿನ ಮಾತು ಬಂದಾಗ ತಳಿಯ ಮಾತು ತರಬೇಡಿ.

ಫ್ಯಾನ್ ಸಾಕು ಅನ್ನುವವರೂ ಇದ್ದಾರೆ. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಓಡುವಾಗ ನಮ್ಮೂರ ವೋಲ್ಟೇಜಿಗೆ ಅದು ಸುಮ್ನೆ ತೂಕಡಿಸುತ್ತದೆ.

ಹೊಸದಾಗಿ ಕಟ್ಟಿಸುವವರು ಮಾಡು ಎತ್ತರ ಮಾಡಿ, ಪಕ್ಕದ ಗೋಡೆ ಪೂರ್ತಿ ಏರಿಸಬೇಡಿ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಸಂದು ಬಿಡಿ. ಹಾಲು ಕೊಡುವ ದೊಡ್ಡ ಹಸು ಈ ಸೆಕೆಗೆ ದಿನಕ್ಕೆ 100 ಲೀಟರ್ ತನಕ ನೀರು ಕುಡಿಯುತ್ತದೆ. ಹೊತ್ತಿಗೊಂದು ಬಕೆಟ್ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಸಾಲದು. ನೀರು ಇಡೀ ದಿನ ಎದುರಿಗೇ ಇರಲಿ. ಮೈ ತೊಳೆದರೆ ಗಾಳಿ ಆಡುವ ಕಡೆ ಕಟ್ಟಿ. ಗಾಳಿಯಿಲ್ಲದ ಕಡೆ ನೀರು ಎರಚಿದರೆ ಕೊಟ್ಟಿಗೆ ಇನ್ನಷ್ಟು ಬೇಯುತ್ತದೆ.

ಊಟ ಆಮೇಲೆ ಮಾಡೋಣ ಅಂತ ಭಾವನ ಹತ್ತಿರ ಹೇಳಿ, ಮೂಲೆಯ ಹಸುವನ್ನು ಬಿಚ್ಚಿ ಬಾವಿ ಪಕ್ಕದ ಹಲಸಿನ ಮರಕ್ಕೆ ಕಟ್ಟಿದೆವು. ಎರಡು ಬಕೆಟ್ ನೀರನ್ನು ತಲೆ ಎತ್ತದೆ ಕುಡಿಯಿತು. ನಾಳೆ ಬೆಳಿಗ್ಗೆ ಶೀಟಿನ ಮೇಲೆ ದಪ್ಪಗೆ ಅಡಿಕೆ ಸೋಗೆ ಹೊದಿಸಲು ಹೋಗುತ್ತಿದ್ದೇನೆ. ನಮ್ಮ ತೋಟದಲ್ಲಿ ಇನ್ನೂ ಒಂದು ಪಿಕಪ್‌ನಷ್ಟು ಒಣ ಸೋಗೆ ಬಿದ್ದಿದೆ. ಹತ್ತಿರದವರು ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ, ದುಡ್ಡು ಬೇಡ.